ಅರಮನೆಯಿಂದ ಮನೆಗೆ: ಮೈಸೂರು ಸೀಮೆಯ ಗೃಹವಿನೋದಗಳು

ಚರಿತ್ರೆಯೆಂದೊಡನೆ ನಮ್ಮ ಮನಸ್ಸಿಗೆ ತೋರುವುವು ಯುದ್ಧ, ಸಂಧಿ, ಪಟ್ಟಾಭಿಷೇಕ, ದಾನಶಾಸನ ಮೊದಲಾದ ದೊಡ್ಡ ಸಂಗತಿಗಳು. ಯಾವ ದೊರೆ ಯಾವ ವರ್ಷದಲ್ಲಿ ಯಾವ ಕೋಟೆಯನ್ನು ಹಿಡಿದನೆಂಬುದನ್ನು ಶಾಲೆಯ ಮಕ್ಕಳೂ ಹೇಳಬಲ್ಲರು. ಆದರೆ ಆ ದೊರೆಯ ಪ್ರಜೆಗಳು ದಿನದ ಕೆಲಸ ತೀರಿದ ಮೇಲೆ ಯಾವುದರಿಂದ ಸಂತೋಷಪಡುತ್ತಿದ್ದರು, ಹಿತ್ತಲಿನಲ್ಲಿ ಯಾವ ಹೂವನ್ನು ಬೆಳೆಸುತ್ತಿದ್ದರು, ದೀಪ ಹಚ್ಚಿದ ಮೇಲೆ ಜಗಲಿಯಲ್ಲಿ ಕುಳಿತು ಏನನ್ನು ಓದಿಸಿ ಕೇಳುತ್ತಿದ್ದರು, ಮಕ್ಕಳ ಕಣ್ಣಿಗೆ ಹಬ್ಬವಾಗುವಂತೆ ಯಾವ ಗೊಂಬೆಗಳನ್ನು ಕೂಡಿಡುತ್ತಿದ್ದರು ಎಂದು ಕೇಳಿದರೆ ನಮ್ಮಲ್ಲಿ ಅನೇಕರು ಸುಮ್ಮನಾಗಬೇಕಾಗುತ್ತದೆ. ಸಣ್ಣ ಸಂಗತಿಗಳೆಂದು ಚರಿತ್ರಕಾರರು ಇವನ್ನು ಬದಿಗಿಟ್ಟುದೇ ಇದಕ್ಕೆ ಕಾರಣ.

ಈ ಭಾಷಣದಲ್ಲಿ ನಾವು ತೋಟ, ಗೊಂಬೆ, ಓದು ಎಂಬ ಮೂರು ಗೃಹವಿನೋದಗಳನ್ನು ಮಾತ್ರ ತೆಗೆದುಕೊಂಡು, ಅವು ಮೈಸೂರು ಸೀಮೆಯ ಮನೆಗಳಿಗೆ ಹೇಗೆ ಬಂದುವೆಂಬುದನ್ನು ವಿಚಾರಿಸೋಣ. ವಿಚಾರಿಸಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಅರಮನೆಯ ವೈಭವಗಳಲ್ಲಿ ಯಾವುದು ಸಾಮಾನ್ಯರ ಹೊಸ್ತಿಲನ್ನು ದಾಟಿ ಒಳಗೆ ಬಂದಿತೋ ಅದು ದೊರೆತನ ಹೋದ ಮೇಲೆಯೂ ಬಾಳಿತು. ಹೊಸ್ತಿಲನ್ನು ದಾಟದೆ ಹೊರಗೇ ನಿಂತುದು ಪುಸ್ತಕಗಳಲ್ಲಿಯೂ ವಸ್ತುಸಂಗ್ರಹಾಲಯಗಳಲ್ಲಿಯೂ ಉಳಿಯಿತು.

ವಿನೋದಗಳನ್ನು ಶಾಸ್ತ್ರವಾಗಿ ಬರೆದಿಡುವ ಪದ್ಧತಿ ನಮ್ಮ ನಾಡಿನಲ್ಲಿ ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1130ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸವನ್ನು ವಿದ್ವಾಂಸರು ಬಲ್ಲರು. ಅದರಲ್ಲಿ ಐದು ವಿಂಶತಿಗಳು. ಒಂದೊಂದರಲ್ಲಿ 20ರಂತೆ ಒಟ್ಟು 100 ಅಧ್ಯಾಯಗಳು. ಮೊದಲಿನ 40 ಅಧ್ಯಾಯಗಳು ರಾಜ್ಯವನ್ನು ಪಡೆಯುವ ಮತ್ತು ಉಳಿಸಿಕೊಳ್ಳುವ ವಿಚಾರಕ್ಕೆ ಮೀಸಲು. ಮಿಕ್ಕ 60 ಅಧ್ಯಾಯಗಳೂ ಉಪಭೋಗ, ವಿನೋದ, ಕ್ರೀಡೆ ಇವುಗಳಿಗೆ ಸೇರಿದುವು. ರಾಜ್ಯಭಾರಕ್ಕಿಂತ ಸಂತೋಷದ ಮಾತೇ ಅಲ್ಲಿ ಹೆಚ್ಚು. ಆದರೆ ಆ ಸಂತೋಷವೆಲ್ಲ ದೊರೆಗೆ ಸಲ್ಲತಕ್ಕದ್ದು. ಆನೆಗಳ ಕಾಳಗ, ವನಕ್ರೀಡೆ, ಜಲಕ್ರೀಡೆ ಇವೆಲ್ಲ ನೂರಾರು ಪರಿವಾರದವರು ಕೈಕಟ್ಟಿ ನಿಂತಿದ್ದಲ್ಲದೆ ನಡೆಯುವಂತಹವಲ್ಲ.

ಇದಕ್ಕೆ ಸುಮಾರು ನೂರು ವರ್ಷ ಹಿಂದೆ, 1025ರ ಹೊತ್ತಿಗೆ, ಅದೇ ಚಾಲುಕ್ಯರ ಆಶ್ರಯದಲ್ಲಿದ್ದ ಎರಡನೆಯ ಚಾವುಂಡರಾಯನು ಕನ್ನಡದಲ್ಲಿ ಲೋಕೋಪಕಾರವೆಂಬ ಗ್ರಂಥವನ್ನು ಬರೆದನು. ಇದರ ದೃಷ್ಟಿಯೇ ಬೇರೆ. ಬಾವಿ ತೋಡಲು ನೀರಿನ ನೆಲೆಯನ್ನು ಅರಿಯುವ ಬಗೆ, ಗಿಡಮರಗಳಿಗೆ ಗೊಬ್ಬರವಿಕ್ಕಿ ರೋಗವನ್ನು ಕಳೆಯುವ ವೃಕ್ಷಾಯುರ್ವೇದ, ಸುಗಂಧದ್ರವ್ಯಗಳ ತಯಾರಿಕೆ, ಅಡಿಗೆಯ ಪಾಕಕ್ರಮ, ಮನೆ ಕಟ್ಟುವ ವಾಸ್ತು ಇವೆಲ್ಲ ಅಲ್ಲಿ ಒಂದೆಡೆ ಸೇರಿವೆ. ದೊರೆಗೆ ಮಾನಸೋಲ್ಲಾಸವಿದ್ದರೆ ಗೃಹಸ್ಥನಿಗೆ ಲೋಕೋಪಕಾರವಿದ್ದಿತೆನ್ನಬಹುದು. ಹಿತ್ತಲು ಮತ್ತು ಅಡಿಗೆಮನೆಗಳ ವಿಷಯವನ್ನು ಕನ್ನಡದಲ್ಲಿ ಬರೆಯಲು ಯೋಗ್ಯವೆಂದು ಸಾವಿರ ವರ್ಷಗಳ ಹಿಂದೆಯೇ ಒಬ್ಬ ಕವಿಗೆ ತೋರಿದುದು ನಮಗೆ ಹೆಮ್ಮೆಯ ವಿಷಯ.

ಇನ್ನು ತೋಟದ ಕಥೆಯನ್ನು ನೋಡೋಣ. ಬೆಂಗಳೂರಿನ ಲಾಲ್‌ಬಾಗನ್ನು ಹೈದರಾಲಿಯು 1760ರಲ್ಲಿ ಆರಂಭಿಸಿದನು; ಟಿಪ್ಪುವು ದೂರದೇಶಗಳಿಂದ ಬೀಜಗಳನ್ನೂ ಸಸಿಗಳನ್ನೂ ತರಿಸಿ ಅದನ್ನು ಬೆಳೆಸಿದನು. 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಈ ತೋಟವನ್ನು ಕಂಡು ವರ್ಣಿಸಿದ್ದಾನೆ. ನೆಲವನ್ನು ಚೌಕಚೌಕವಾಗಿ ವಿಂಗಡಿಸಿ, ನಡುವೆ ಕಾಲುದಾರಿಗಳನ್ನು ಬಿಟ್ಟು, ದಾರಿಯ ಅಂಚಿಗೆ ಸೈಪ್ರಸ್ ಮರಗಳನ್ನು ನೆಟ್ಟಿದ್ದರಂತೆ. ಒಂದೊಂದು ಚೌಕದಲ್ಲಿ ಒಂದೊಂದು ಜಾತಿಯ ಗಿಡವಂತೆ. ಅದು ದೊರೆಯ ತೋಟ. ಪ್ರಜೆಗಳು ವಿಹರಿಸುವ ಸ್ಥಳವಲ್ಲ.

ಮುಂದೆ 1856ರಲ್ಲಿ ಅದು ಸರ್ಕಾರದ ಸಸ್ಯೋದ್ಯಾನವಾಯಿತು. 1874ರಲ್ಲಿ ಬಂದ ಜಾನ್ ಕ್ಯಾಮರಾನ್ ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಅದನ್ನು ನೋಡಿಕೊಂಡನು. ಫಲಪುಷ್ಪಗಳ ಪ್ರದರ್ಶನಕ್ಕೆ ಒದಗಿದ ಗಾಜಿನ ಮನೆಗೆ 1889ರ ನವೆಂಬರ್ 30ರಂದು ಅಸ್ತಿಭಾರ ಬಿದ್ದಿತು. 1908ರಲ್ಲಿ ಬಂದ ಜರ್ಮನಿಯ ಕ್ರುಂಬಿಗಲ್ ಬೆಂಗಳೂರಿನ ಬೀದಿಗಳಲ್ಲಿ ಒಂದು ಜಾತಿಯ ಮರದ ಹೂ ಮುಗಿಯುವಷ್ಟರಲ್ಲಿ ಇನ್ನೊಂದು ಜಾತಿ ಅರಳುವಂತೆ ಸಾಲುಮರಗಳನ್ನು ನೆಡಿಸಿದನು. ಈ ಮಹನೀಯರ ಹೆಸರನ್ನು ನಗರದವರು ಬಲ್ಲರು. ನಮ್ಮ ಕುತೂಹಲವೇನೆಂದರೆ, ಇಂತಹ ಉದ್ಯಾನಗಳ ಗಿಡಗಳು ಅವುಗಳ ಗೋಡೆಯನ್ನು ದಾಟಿ ಹಿತ್ತಲಿಗೆ ಬಂದ ಬಗೆ. ಪ್ರದರ್ಶನಕ್ಕೆ ಹೋದವರು ಬೀಜದ ಪೊಟ್ಟಣವನ್ನು ತಂದರು. ಅದರಲ್ಲಿ ಮೊಳೆತ ಸಸಿಯ ಒಂದು ಟೊಂಗೆ ಪಕ್ಕದ ಮನೆಗೆ ಹೋಯಿತು. ಪಕ್ಕದ ಮನೆಯ ಮಗಳು ಅತ್ತೆಯ ಮನೆಗೆ ಹೊರಟಾಗ ಬುಟ್ಟಿಯಲ್ಲಿ ಒಂದು ಗಡ್ಡೆಯೂ ಹೊರಟಿತು. ಈ ಪ್ರಸಾರಕ್ಕೆ ಕಾಗದಪತ್ರಗಳಿಲ್ಲ. ಆದರೂ ಊರೂರಿನ ಹಿತ್ತಲುಗಳು ಇದಕ್ಕೆ ಸಾಕ್ಷಿ.

ಸಾಕ್ಷಿ ಬೇಕಾದವರು ಗಿಡಗಳ ಹೆಸರನ್ನು ವಿಚಾರಿಸಬಹುದು. ಪರಂಗಿ ಹಣ್ಣೆಂಬ ಹೆಸರಿನಲ್ಲಿ ಫರಂಗಿಯವರ ನೆನಪಿದೆ. ಕ್ಯಾಮರಾನನ ಕಾಲದಲ್ಲಿ ನಮ್ಮಲ್ಲಿಗೆ ಬಂದುದೆಂದು ಹೇಳುವ ಸೀಮೆಬದನೆ ತಾನು ಪರಸೀಮೆಯದೆಂದು ತಾನೇ ಹೇಳಿಕೊಳ್ಳುತ್ತದೆ. ಮೆಣಸಿನಕಾಯಿ ಪೋರ್ಚುಗೀಸರ ತರುವಾಯ ಬಂದುದು. ಅದಕ್ಕೆ ಮೊದಲು ನಮ್ಮ ಸಾರಿಗೆ ಖಾರವನ್ನು ಕೊಡುತ್ತಿದ್ದುದು ಕರಿಮೆಣಸು. ಇವು ಹೆಸರಿನಲ್ಲಿ ಗುಟ್ಟನ್ನು ಬಿಟ್ಟುಕೊಡುವ ಗಿಡಗಳು. ಗುಟ್ಟನ್ನು ಬಿಡದ ಗಿಡಗಳೂ ಉಂಟು. ಸುಗಂಧರಾಜವೆಂಬ ಸಂಸ್ಕೃತದ ಹೆಸರನ್ನು ಹೊತ್ತು ದೇವರ ಮುಡಿಗೇರುವ ಹೂವು ಮೆಕ್ಸಿಕೋ ದೇಶದ್ದು. ಆಯುಧಪೂಜೆಯ ದಿನ ಬಾಗಿಲ ತೋರಣಕ್ಕೆ ಒದಗುವ ಚೆಂಡುಹೂವೂ ಅಲ್ಲಿಯದೇ. ಗುಡಿಯ ಅಂಗಳದಲ್ಲಿ ಅನಾದಿಕಾಲದಿಂದ ನಿಂತಂತೆ ತೋರುವ ದೇವಕಣಗಿಲೆ ಅಮೆರಿಕಾ ಖಂಡದಿಂದ ಬಂದುದು. ಯಾವ ಬರದಲ್ಲಿಯೂ ಹೂ ಬಿಡುವ ನಿತ್ಯಪುಷ್ಪ ಮಡಗಾಸ್ಕರ್ ದ್ವೀಪದ್ದು. ಹೊರಗಿನಿಂದ ಬಂದುದನ್ನು ಒಪ್ಪಿ ಅದಕ್ಕೆ ಹೆಸರಿಟ್ಟು ದೇವರ ತಲೆಯ ಮೇಲೆ ಇರಿಸಿದ ಔದಾರ್ಯ ನಮ್ಮ ಗೃಹಿಣಿಯರದು. ನಮ್ಮ ನಾಡಿನದೇ ಆದ ಮಲ್ಲಿಗೆ, ಸಂಪಿಗೆ, ತುಳಸಿಗಳ ಪಕ್ಕದಲ್ಲಿಯೇ ಇವಕ್ಕೂ ಪಾತಿಯಾಯಿತು. ಬಚ್ಚಲಿನ ನೀರು ಬಾಳೆಗೂ ಕೆಸುವಿಗೂ ಹರಿದರೆ, ಅಕ್ಕಿ ತೊಳೆದ ನೀರು ಕರಿಬೇವಿನ ಬುಡವನ್ನು ಸೇರಿತು. ಮೊಗಲರ ಮಾದರಿಯ ಚೌಕಗಳು ಇಲ್ಲಿಲ್ಲದಿದ್ದರೇನು? ಯಾವ ನೀರನ್ನೂ ವ್ಯರ್ಥಗೊಳಿಸದ ವಿವೇಕವಿದ್ದಿತು.

ಎರಡನೆಯದು ಗೊಂಬೆಗಳ ಸಂಗ್ರಹ. ವಿಜಯನಗರದ ಅರಸರು ಮಹಾನವಮಿಯ ಒಂಬತ್ತು ದಿನಗಳನ್ನು ಆಚರಿಸುತ್ತಿದ್ದ ವೈಭವವನ್ನು ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ 16ನೆಯ ಶತಮಾನದಲ್ಲಿ ಬಣ್ಣಿಸಿದ್ದಾನೆ. ಆ ಸಾಮ್ರಾಜ್ಯ ಕುಸಿದ ಬಳಿಕ, ಶ್ರೀರಂಗಪಟ್ಟಣವನ್ನು ಕೈವಶಮಾಡಿಕೊಂಡ ರಾಜ ಒಡೆಯರು 1610ರಲ್ಲಿ ಅಲ್ಲಿಯೇ ನವರಾತ್ರಿಯ ಉತ್ಸವವನ್ನು ಆರಂಭಿಸಿದರು. ಕಂಠೀರವ ನರಸರಾಜರ ಕಾಲದ ಉತ್ಸವದ ಸೊಬಗನ್ನು ಗೋವಿಂದವೈದ್ಯನ ಸಾಂಗತ್ಯಕಾವ್ಯದಲ್ಲಿ ಕಾಣಬಹುದು. 1799ರ ತರುವಾಯ ರಾಜಧಾನಿಯು ಮೈಸೂರಿಗೆ ಬಂದಿತು. ಉತ್ಸವವೂ ಅದರೊಡನೆ ಬಂದಿತು. 1897ರಲ್ಲಿ ಮರದ ಅರಮನೆ ಸುಟ್ಟುಹೋದ ಮೇಲೆ ಕಟ್ಟಿ 1912ರಲ್ಲಿ ಪೂರೈಸಿದ ಈಗಿನ ಅರಮನೆಯಲ್ಲಿ ಗೊಂಬೆ ತೊಟ್ಟಿಯೆಂಬ ಒಂದು ಭಾಗವೇ ಇದೆ.

ಅರಮನೆಯಲ್ಲಿ ದೊರೆಯು ಪಾಡ್ಯದ ದಿನ ಸಿಂಹಾಸನವನ್ನೇರುತ್ತಿದ್ದರೆ, ಅದೇ ದಿನ ಪ್ರಜೆಗಳ ಮನೆಯಲ್ಲಿ ಪಟ್ಟದ ಗೊಂಬೆಗಳು ಮೇಲಿನ ಮೆಟ್ಟಿಲನ್ನೇರುತ್ತಿದ್ದುವು. ರಕ್ತಚಂದನದ ಮರದಲ್ಲಿ ಕಡೆದ ರಾಜರಾಣಿಯರ ಈ ಜೋಡಿಯನ್ನು ಮದುವೆಯಲ್ಲಿ ಮಗಳಿಗೆ ತವರಿನವರು ಕೊಡುವುದು ರೂಢಿ. ವರ್ಷ ವರ್ಷವೂ ಅವಕ್ಕೆ ಹೊಸ ಜರಿಯ ಬಟ್ಟೆ, ಮಣಿಸರ, ಪೇಟ. ಕೆಳಗಿನ ಮೆಟ್ಟಿಲುಗಳಲ್ಲಿ ದಶಾವತಾರ, ರಾಮಾಯಣದ ಕಥೆ, ಮದುವೆಯ ದಿಬ್ಬಣ. ಎಲ್ಲಕ್ಕೂ ಕೆಳಗೆ ದಿನಸಿಯನ್ನು ಹರಡಿಕೊಂಡು ಕುಳಿತ ಶೆಟ್ಟಿ, ಶೆಟ್ಟಿತಿ. ಮೆಟ್ಟಿಲುಗಳ ಪಕ್ಕದಲ್ಲಿ ತಟ್ಟೆಯಲ್ಲಿ ಮಣ್ಣು ಹರಡಿ ಚೆಲ್ಲಿದ ರಾಗಿ ನಾಲ್ಕು ದಿನಗಳಲ್ಲಿ ಹಸುರು ಪೈರಾಗಿ, ನಡುವೆ ಇಟ್ಟ ಕನ್ನಡಿಯ ಚೂರು ಕೆರೆಯಾಗಿ ಒಂದು ಉದ್ಯಾನವೇ ಸಿದ್ಧವಾಗುತ್ತದೆ. ಸಂಜೆ ಬಂದ ಮಕ್ಕಳಿಗೆ ಬೊಂಬೆ ಬಾಗಿನವೆಂದು ತಿಂಡಿ. ಸರಸ್ವತೀ ಪೂಜೆಯಂದು ಗೊಂಬೆಗಳ ಮುಂದೆ ಪುಸ್ತಕಗಳನ್ನಿಟ್ಟು ಪೂಜಿಸುವುದರಿಂದ, ತೋಟ, ಗೊಂಬೆ, ಓದು ಈ ಮೂರೂ ಒಂದೇ ಕೋಣೆಯಲ್ಲಿ ಸೇರಿದಂತಾಗುತ್ತದೆ.

ಈ ಸಂಗ್ರಹವನ್ನು ಬರಿಯ ಅಲಂಕಾರವೆಂದು ತಿಳಿಯಬಾರದು. ಇದು ಒಂದು ಮನೆತನದ ಹೆಣ್ಣುಮಕ್ಕಳ ಚರಿತ್ರೆ. ಗಂಡುಮಕ್ಕಳಿಗೆ ವಂಶವೃಕ್ಷದಲ್ಲಿ ಸ್ಥಳವಿದ್ದಿತು. ಮನೆಗೆ ಬಂದ ಸೊಸೆಯರ ತವರಿನ ನೆನಪು ಉಳಿದುದು ಈ ಪೆಟ್ಟಿಗೆಗಳಲ್ಲಿ. ಇದು ಅಜ್ಜಿಯ ತವರಿನಿಂದ ಬಂದ ಜೋಡಿ, ಇದು ಚಿಕ್ಕಮ್ಮ ಕಾಶಿಗೆ ಹೋದಾಗ ತಂದುದು, ಇದು ಮಗು ಹುಟ್ಟಿದ ವರ್ಷ ಕೊಂಡುದು ಎಂದು ಹಳೆಯ ಬಟ್ಟೆಯ ಸುತ್ತನ್ನು ಬಿಚ್ಚುತ್ತ ಬಿಚ್ಚುತ್ತ ತಾಯಿಯು ಮಗಳಿಗೆ ಹೇಳುವ ಮಾತು ಯಾವ ಬಖೈರಿಗೂ ಕಡಮೆಯದಲ್ಲ.

ಇದು ಕುಶಲಕರ್ಮಿಗಳ ಚರಿತ್ರೆಯೂ ಹೌದು. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ದಾರಿಯಲ್ಲಿರುವ ಚನ್ನಪಟ್ಟಣದ ಕೆಲಸಗಾರರು ಬೆಳ್ಳಗೆ ಮೃದುವಾದ ಹಾಲೆಮರವನ್ನು ಒಣಗಿಸಿ ತಿರುಗಣೆಗೆ ಕೊಟ್ಟು ಕಡೆಯುತ್ತಾರೆ. ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಅದರ ಮೇಲೆ ತಾಳೆಯ ಗರಿಯನ್ನು ಹಿಡಿದು ತೀಡಿದರೆ ಹೊಳಪು ಬರುತ್ತದೆ. ಕೊಪ್ಪಳದ ಬಳಿಯ ಕಿನ್ನಾಳದಲ್ಲಿ ಹಗುರವಾದ ಮರದ ಮೇಲೆ ಬಣ್ಣವೇರಿಸಿ ಗೊಂಬೆಗಳನ್ನು ಮಾಡುವ ಬೇರೊಂದು ಸಂಪ್ರದಾಯವಿದೆ. ಅರಮನೆಯವರು ವರ್ಷಕ್ಕೆ ಎಷ್ಟು ಗೊಂಬೆಗಳನ್ನು ಕೊಂಡಾರು? ಹಬ್ಬಕ್ಕೆ ಒಂದು ಹೊಸ ಗೊಂಬೆಯಾದರೂ ಬರಬೇಕೆಂಬ ನೂರಾರು ಮನೆಗಳ ನೇಮವು ಇಂತಹ ಕೈಗಳಿಗೆ ಕೆಲಸವನ್ನು ಕೊಟ್ಟಿತು.

ಇದಕ್ಕೆ ಪ್ರತಿಯಾಗಿ ಹೊಸ್ತಿಲಾಚೆಯೇ ನಿಂತ ಒಂದು ವಿನೋದವನ್ನು ನೋಡಿರಿ. ಮುಮ್ಮಡಿ ಕೃಷ್ಣರಾಜ ಒಡೆಯರಿಂದ 1831ರಲ್ಲಿ ಇಂಗ್ಲಿಷರು ಆಡಳಿತವನ್ನು ಕಿತ್ತುಕೊಂಡರು. 1868ರಲ್ಲಿ ಕಾಲವಾಗುವವರೆಗೆ ಆ ಪ್ರಭುಗಳು ಅಧಿಕಾರವಿಲ್ಲದ ದೊರೆಯಾಗಿಯೇ ಬಾಳಬೇಕಾಯಿತು. ಕತ್ತಿ ಹಿಡಿಯುವ ಸಂದರ್ಭ ತಪ್ಪಿದ ಬುದ್ಧಿಯು ಚದುರಂಗದ ಮಣೆಯ ಮೇಲೆಯೂ ಗಂಜೀಫದ ಎಲೆಗಳ ಮೇಲೆಯೂ ವಿಹರಿಸಿತು. ಅರುವತ್ತನಾಲ್ಕು ಮನೆಗಳನ್ನೂ ಕುದುರೆಯು ಒಂದೊಂದು ಸಲ ಮಾತ್ರ ಮೆಟ್ಟಿ ಬರುವ ನಡೆಗಳನ್ನು ಅವರು ರಚಿಸಿದರು. ಅವರ ಶ್ರೀತತ್ತ್ವನಿಧಿಯ ಒಂಬತ್ತನೆಯ ಭಾಗವಾದ ಕೌತುಕನಿಧಿಯಲ್ಲಿ, ದೇವತೆಗಳ ಚಿತ್ರಗಳುಳ್ಳ ಎಲೆಗಳಿಂದ ಆಡುವ ಹೊಸ ಆಟಗಳ ವಿವರಣೆಯಿದೆ. ಬುದ್ಧಿಗೆ ಬೆರಗನ್ನುಂಟುಮಾಡುವ ಆಟಗಳಿವು. ಆದರೆ ಎಲೆಗಳನ್ನು ಬರೆಯಲು ಚಿತ್ರಕಾರರು ಬೇಕು. ನಿಯಮಗಳನ್ನು ನೆನಪಿಡಲು ಪಂಡಿತರು ಬೇಕು. ಆದಕಾರಣ ಅವು ಅಡಿಗೆಮನೆಯ ಬಳಿಗೆ ಬರಲಿಲ್ಲ. ಮನೆಯಲ್ಲಿ ಉಳಿದುವು ಹುಣಿಸೆಬೀಜದ ಅಳಗುಳಿ ಮಣೆಯೂ ಕವಡೆಯ ಚೌಕಾಬಾರವೂ. ಮೈಸೂರು ಗಂಜೀಫವನ್ನು ಇಂದು ನಾವು ನೋಡುವುದು ಚಿತ್ರಕಲೆಯ ಮಾದರಿಯಾಗಿ, ಆಡುವವರು ಅಪೂರ್ವ.

ಮೂರನೆಯದು ಓದು. ಪುಸ್ತಕವೂ ಮೊದಲು ಅರಮನೆ, ಮಠ, ಬಸದಿಗಳ ಸೊತ್ತಾಗಿದ್ದಿತು. ಓಲೆಯ ಪ್ರತಿಯನ್ನು ಮಾಡಿಸುವುದು ಹಣವುಳ್ಳವರ ಕೆಲಸ. ಆದರೂ ಓದು ಎಲ್ಲರದಾಗಿದ್ದಿತು, ಏಕೆಂದರೆ ನಮ್ಮಲ್ಲಿ ಓದುವುದೆಂದರೆ ಒಬ್ಬರು ಓದಿ ಹತ್ತು ಮಂದಿ ಕೇಳುವುದು. ಕುಮಾರವ್ಯಾಸನ ಭಾರತವನ್ನೂ ಲಕ್ಷ್ಮೀಶನ ಜೈಮಿನಿಯನ್ನೂ ಗಮಕಿಗಳು ಜಗಲಿಯಲ್ಲಿ ರಾಗವಾಗಿ ಓದುತ್ತಿದ್ದರೆ ಅಕ್ಷರ ತಿಳಿಯದವರೂ ಪದ್ಯಗಳನ್ನು ಬಾಯಿಪಾಠ ಮಾಡುತ್ತಿದ್ದರು.

ಮನೆಗಳು ಕಾಪಾಡಿದ ಓಲೆಯ ಕಟ್ಟುಗಳಿಗೆ ಲೋಕವು ಋಣಿಯಾಗಿದೆ. ಮೈಸೂರಿನ ಪ್ರಾಚ್ಯ ಪುಸ್ತಕಾಲಯವು 1891ರಲ್ಲಿ ಸ್ಥಾಪಿತವಾಯಿತು. ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಅಲ್ಲಿಗೆ ತಂದುಕೊಟ್ಟ ಗ್ರಂಥಲಿಪಿಯ ಓಲೆಗಳಲ್ಲಿ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದರು. 1909ರಲ್ಲಿ ಅದು ಅಚ್ಚಾಗಿ ಹೊರಬಿದ್ದಿತು. ಶತಮಾನಗಳ ಕಾಲ ಹೆಸರು ಮಾತ್ರವಾಗಿ ಉಳಿದಿದ್ದ, ಚಕ್ರವರ್ತಿಗಳಿಗೆಂದು ಬರೆದ ಆ ಗ್ರಂಥವು ಮತ್ತೆ ಲೋಕಕ್ಕೆ ದೊರೆತುದು ಯಾವ ರಾಜಭಂಡಾರದಿಂದಲೂ ಅಲ್ಲ, ಒಬ್ಬ ಪಂಡಿತರ ಕೈಯಿಂದ.

ಅಚ್ಚಿನ ಪುಸ್ತಕವು ಬಂದ ಮೇಲೆ ಓದು ಇನ್ನೂ ಒಳಗಿನ ಕೋಣೆಗೆ ಹೋಯಿತು. ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದ ಸಂಗತಿ ಕನ್ನಡಿಗರೆಲ್ಲರಿಗೂ ತಿಳಿದುದೇ. ಮೈಸೂರಿನ ಬಳಿಯ ನಂಜನಗೂಡಿನಲ್ಲಿ ಎಳೆಯ ವಯಸ್ಸಿನಲ್ಲಿಯೇ ವಿಧವೆಯಾಗಿ ತವರಿನಲ್ಲಿದ್ದ ತಿರುಮಲಾಂಬಾ ಅವರು ಮನೆಯಲ್ಲಿಯೇ ಓದಿ, ಬರೆದು, 1913ರಲ್ಲಿ ಸತೀಹಿತೈಷಿಣೀ ಗ್ರಂಥಮಾಲೆಯನ್ನು ಆರಂಭಿಸಿ ತಮ್ಮ ಸುಶೀಲೆ ಎಂಬ ಕಾದಂಬರಿಯನ್ನು ಪ್ರಕಟಿಸಿದರು. ಹೊರಗೆ ಹೋಗಿ ಕಲಿಯಲಾಗದ ಹೆಣ್ಣುಮಕ್ಕಳಿಗೆ ಒಳಗೇ ಒಂದು ಕಿಟಕಿ ತೆರೆದಂತಾಯಿತು. ಮನೆಯ ಓದು ಕಾಲಹರಣವಲ್ಲ, ಒಂದು ಬಾಳಿಗೆ ಆಧಾರವಾಗಬಲ್ಲುದೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ನಿದರ್ಶನ ಬೇಕೆ?

ಇಷ್ಟನ್ನು ಹೇಳಿ, ಮನೆಯಿಂದಲೇ ಹುಟ್ಟಿ ಹೊರಕ್ಕೆ ಹೋದ ಒಂದು ವಿನೋದವನ್ನು ಹೇಳದಿದ್ದರೆ ರೇಡಿಯೋ ಭಾಷಣಕ್ಕೆ ಲೋಪವಾದೀತು. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆ ವಿಠಲ ವಿಹಾರದಲ್ಲಿ ಕೇವಲ 30 ವಾಟ್ ಶಕ್ತಿಯ ಯಂತ್ರವನ್ನಿಟ್ಟು ಪ್ರಸಾರವನ್ನು ಆರಂಭಿಸಿದರು. ಅದು ಆಕಾಶವಾಣಿಯೆಂಬ ಹೆಸರನ್ನು ಪಡೆದು, ಮುಂದೆ ಸಂಸ್ಥಾನದ ನಿಲಯವಾಗಿ, 1950ರಲ್ಲಿ ಅಖಿಲ ಭಾರತ ಜಾಲದಲ್ಲಿ ಸೇರಿತು. ಲಾಲ್‌ಬಾಗು ಅರಸನಿಂದ ಮನೆಗೆ ಇಳಿದುಬಂದರೆ, ಆಕಾಶವಾಣಿಯು ಮನೆಯಿಂದ ನಾಡಿಗೆ ಏರಿಹೋಯಿತು.

ರಾಜರ ಕಾಲ ಮುಗಿದಿದೆ. 1971ರಲ್ಲಿ ರಾಜಧನವೂ ರದ್ದಾಯಿತು. ಇಂದು ಜಂಬೂಸವಾರಿಯ ಅಂಬಾರಿಯಲ್ಲಿ ದೊರೆಗೆ ಬದಲಾಗಿ ಚಾಮುಂಡೇಶ್ವರಿಯ ಮೂರ್ತಿಯು ಬಿಜಯಮಾಡುತ್ತದೆ. ಹೀಗಿದ್ದರೂ ಪಾಡ್ಯದ ದಿನ ಮನೆಗಳಲ್ಲಿ ಪಟ್ಟದ ಗೊಂಬೆಗಳು ಪಟ್ಟಕ್ಕೇರುವುದು ನಿಂತಿಲ್ಲ. ಪ್ರತಿವರ್ಷವೂ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸುವ ಶ್ರಮವನ್ನು ಯಾರೋ ವಹಿಸಿದುದರಿಂದಲೇ ಇದು ಉಳಿಯಿತು. ಶ್ರಮವು ಒಂದು ತಲೆಮಾರಿನಲ್ಲಿ ತಪ್ಪಿದರೆ ಗೊಂಬೆಯು ಉಳಿದರೂ ಅದರ ಕಥೆ ಉಳಿಯಲಾರದು. ಯಾವುದು ಯಾರ ತವರಿನದೆಂದು ಹೇಳುವವರಿಲ್ಲದ ಮೇಲೆ ಅದು ಅಂಗಡಿಯ ಸರಕಿಗೆ ಸಮಾನ.

ಮನೆಗಳು ಒಂದರ ಮೇಲೊಂದಾಗಿ ಏರುತ್ತಿರುವ ನಗರಗಳಲ್ಲಿ ಹಿತ್ತಲಿಗೆ ಸ್ಥಳವಿಲ್ಲ, ಒಂಬತ್ತು ಮೆಟ್ಟಿಲುಗಳಿಗೆ ಕೋಣೆಯಿಲ್ಲ, ಜಗಲಿಯಂತೂ ಇಲ್ಲವೇ ಇಲ್ಲವೆಂದು ಹೇಳುವರು. ಆಕ್ಷೇಪಣೆ ಸಹಜವಾದುದೇ. ಆದರೆ ನಾವು ಮೇಲೆ ಕಂಡಂತೆ, ಅರಸನ ಉದ್ಯಾನವು ನಾಲ್ಕು ಪಾತಿಯ ಹಿತ್ತಲಿಗೆ ಇಳಿದಾಗಲೂ, ದರ್ಬಾರು ಎರಡು ಗೊಂಬೆಗಳಿಗೆ ಇಳಿದಾಗಲೂ ಅವುಗಳ ಸತ್ತ್ವ ಕುಗ್ಗಲಿಲ್ಲ. ಹಿತ್ತಲು ಕುಂಡಕ್ಕೆ ಇಳಿದರೂ ತುಳಸಿಯೂ ಮಲ್ಲಿಗೆಯೂ ಬೆಳೆದಾವು. ಒಂಬತ್ತು ಮೆಟ್ಟಿಲುಗಳು ಮೂರಾದರೂ ಪಟ್ಟದ ಜೋಡಿಗೆ ಸ್ಥಳ ಸಾಕು. ಜಗಲಿಯಿಲ್ಲದಿದ್ದರೂ ಊಟದ ಬಳಿಕ ಒಬ್ಬರು ಗಟ್ಟಿಯಾಗಿ ಓದಿ ಉಳಿದವರು ಕೇಳಲು ಅಡ್ಡಿಯೇನು? ಮನೆಯ ಹಿರಿಯರು ಇರುವಾಗಲೇ ಒಂದೊಂದು ಗೊಂಬೆಯೂ ಎಲ್ಲಿಂದ ಬಂದಿತೆಂದು ಕೇಳಿ ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಯಲ್ಲಿಟ್ಟರೆ, ಚರಿತ್ರಕಾರರು ಬಿಟ್ಟುಹೋದ ಅಧ್ಯಾಯವೊಂದನ್ನು ಗೃಹಸ್ಥರೇ ಬರೆದಂತಾಗುವುದು.